ಪ್ರಾಣಿಗಳ ಪಾಲಿಸಿ (ಸರ್ಕಾರದ ನೀತಿ) ಓದ್ಲಿಕ್ಕೆ ಅಮೆರಿಕಕ್ಕೆ ಹೋಗುದಾ, ಬೆಂಗಳೂರು ಸಾಕಾ, ಮನೆಯಲ್ಲೇ ಕೂತು ಓದುದಾ?

ಕಳೆದ ತಿಂಗಳು ಬ್ರಹ್ಮಾವರದಿಂದ ನನ್ನ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ಳು, ಬಿಎಸ್ಸಿ ಝೂವಾಲಜಿ ಫೈನಲ್ ಇಯರ್. "ಅಕ್ಕ, ನಂಗೆ ಪ್ರಾಣಿಗಳ ವಿಷಯದಲ್ಲೇ ಕೆಲ್ಸ ಮಾಡ್ಬೇಕು, ಆದ್ರೆ ಡಾಕ್ಟರ್ ಆಗುದು ಬೇಡ, ಕಾಡಿಗೆ ಹೋಗಿ ಹುಲಿ ಲೆಕ್ಕ ಮಾಡುದೂ ಅಲ್ಲ, ನೀನು ಓದಿದ್ದು ಎಂತದ್ದು ಅದು, ನಾನೂ ಅದನ್ನೇ ಓದುದಾ?" ಅಂತ ಕೇಳಿದ್ಳು. ಒಂದೂವರೆ ಗಂಟೆ ಮಾತಾಡಿದ್ರೂ ಮುಗೀಲಿಲ್ಲ. ಅವಳ ಹಾಗೆಯೇ ಕೇಳುವ ಮಕ್ಕಳು ಮಂಗಳೂರು, ಉಡುಪಿ, ಕುಂದಾಪುರ ಕಡೆ ಇನ್ನೂ ಸುಮಾರು ಜನ ಇದ್ದಾರೆ, ಹಾಗಾಗಿ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೀತಾ ಇದ್ದೇನೆ.

ನನ್ನ ದಾರಿ ಹೇಗಿತ್ತು ಅಂತ ಮೊದ್ಲೇ ಹೇಳ್ತೇನೆ, ಯಾಕಂದ್ರೆ ನಾನು ಯಾವ ಕಡೆ ವಾಲುದು ಅಂತ ನಿಮಗೆ ಗೊತ್ತಿರ್ಬೇಕು. ಬಿಎಸ್ಸಿ ಆಯ್ತು, ಮಂಗಳೂರಲ್ಲಿ ಎಂಎಸ್‌ಡಬ್ಲ್ಯೂ ಆಯ್ತು, ಮತ್ತೆ 3 ವರ್ಷ ಉಡುಪಿ ಕಡೆ ಬೀದಿನಾಯಿಗಳಿಗೆ ಆಪರೇಷನ್ ಮತ್ತೆ ರೇಬಿಸ್ ಇಂಜೆಕ್ಷನ್ ಕೊಡಿಸುವ ಒಂದು ಸಣ್ಣ ಗುಂಪಿನಲ್ಲಿ ಕೆಲ್ಸ, ಆಮೇಲೆ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಟಫ್ಟ್ಸ್ ಯುನಿವರ್ಸಿಟಿಯ ಕಮಿಂಗ್ಸ್ ವೆಟರ್ನರಿ ಸ್ಕೂಲಿನಲ್ಲಿ ಪ್ರಾಣಿಗಳು ಮತ್ತು ಪಬ್ಲಿಕ್ ಪಾಲಿಸಿ ಅನ್ನುವ ಎಂಎಸ್. ಅಲ್ಲಿಗೆ ಹೋದದ್ದಕ್ಕೆ ಬೇಸರ ಇಲ್ಲ, ಆದ್ರೆ ಎಲ್ರೂ ಹೋಗ್ಬೇಕು ಅಂತ ನಾನು ಹೇಳುದಿಲ್ಲ.

ಮೊದ್ಲು ಈ ವಿಷಯ ಎಂತದ್ದು ಅಂತ. ನಮ್ಮ ದೇಶದ ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದ್ದು, ಅದರಲ್ಲಿ ಪ್ರಾಣಿ ಅಂದ್ರೆ ಮನುಷ್ಯ ಬಿಟ್ಟು ಜೀವ ಇರುವ ಎಲ್ಲವೂ ಅಂತ ಬರ್ದಿದ್ದಾರೆ, ಅಂದ್ರೆ ಮಲ್ಪೆ ಬಂದರಿನಲ್ಲಿ ಬುಟ್ಟಿಯೊಳಗೆ ಒದ್ದಾಡುವ ಬಂಗುಡೆ ಸಹ ಕಾನೂನಿನ ಲೆಕ್ಕದಲ್ಲಿ ಪ್ರಾಣಿಯೇ. ಅದೇ ಕಾಯ್ದೆಯಲ್ಲಿ ಮೊದಲ ಸಲ ಹಿಂಸೆ ಮಾಡಿ ಸಿಕ್ಕಿಬಿದ್ರೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಕಾನೂನು ಬರೆಯುವಾಗ 50 ರೂಪಾಯಿ ದೊಡ್ಡದಿತ್ತು, ಈಗ ಅದರಲ್ಲಿ ಒಂದು ಊಟ ಸಹ ಬರುದಿಲ್ಲ. ಈ ಮೊತ್ತ ಇಷ್ಟು ವರ್ಷ ಯಾಕೆ ಬದಲಾಗ್ಲಿಲ್ಲ, ಬದಲಾಯಿಸ್ಬೇಕಾದ್ರೆ ಯಾರ ಟೇಬಲ್ಲಿಗೆ ಹೋಗ್ಬೇಕು, ದಂಡ ಜಾಸ್ತಿ ಮಾಡಿದ್ರೆ ಎತ್ತಿನ ಗಾಡಿಯವನ ಹೊಟ್ಟೆಗೆ ಎಂತ ಆಗ್ತದೆ, ಪೊಲೀಸರು ಕೇಸ್ ಹಾಕ್ತಾರಾ ಇಲ್ವಾ, ಇದನ್ನೆಲ್ಲ ಒಟ್ಟಿಗೆ ಇಟ್ಟು ಯೋಚನೆ ಮಾಡುದೇ ಈ ಓದು. ಪ್ರಾಣಿಯ ನೋವಿನ ವಿಜ್ಞಾನ, ಎಥಿಕ್ಸ್, ಕಾನೂನು, ಸರ್ಕಾರದ ಕೆಲ್ಸ ಆಗುವ ರೀತಿ, ಸರ್ವೆ ಮಾಡುದು ಹೇಗೆ, ಎಲ್ಲ ಸ್ವಲ್ಪ ಸ್ವಲ್ಪ ಬರ್ತದೆ.

ನಮ್ಮ ಊರಲ್ಲಿ ಹುಟ್ಟಿದವರಿಗೆ ಇದು ಹೊಸತಲ್ಲ. ಕಂಬಳವನ್ನೇ ನೋಡಿ. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು ಕೇಸಿನಲ್ಲಿ ತೀರ್ಪು ಕೊಟ್ಟ ಮೇಲೆ ನಮ್ಮ ಕೋಣಗಳ ಓಟಕ್ಕೂ ಕುತ್ತು ಬಂತು, 2016ರಲ್ಲಿ ಹೈಕೋರ್ಟ್ ತಡೆ ಕೊಟ್ಟಿತು, 2017ರಲ್ಲಿ ರಾಜ್ಯ ಸರ್ಕಾರ ಕೇಂದ್ರದ ಕಾಯ್ದೆಗೇ ತಿದ್ದುಪಡಿ ಮಾಡಿತು, ಕೊನೆಗೆ 2023ರ ಮೇ 18ಕ್ಕೆ ಐದು ಜನ ಜಡ್ಜುಗಳ ಸಂವಿಧಾನ ಪೀಠ ಆ ತಿದ್ದುಪಡಿ ಸರಿ ಉಂಟು ಅಂತ ಹೇಳಿತು. ಕೋರ್ಟು, ವಿಧಾನಸಭೆ, ಕೋಣ ಸಾಕುವ ಮನೆ, ಪ್ರಾಣಿ ದಯಾ ಸಂಘಟನೆ, ದೈವದ ನಂಬಿಕೆ, ಕೋಣದ ಬೆನ್ನಿನ ಬಾಸುಂಡೆ, ಎಲ್ಲ ಒಂದೇ ಗದ್ದೆಯಲ್ಲಿ. ಅಮೆರಿಕದ ಕ್ಲಾಸಿನಲ್ಲಿ ನಾನು ಇದನ್ನು ಹೇಳಿದಾಗ ಎರಡು ಗಂಟೆ ಚರ್ಚೆ ಆಯ್ತು, ಯಾಕಂದ್ರೆ ಅಲ್ಲಿ ಇದ್ದವರಿಗೆ ಕೋಣವನ್ನು ಮನೆಯವರಂತೆ ಸಾಕುವವನೇ ಅದನ್ನು ಓಡಿಸುದೂ ಹೌದು ಅನ್ನುದು ಅರ್ಥ ಆಗ್ಲಿಕ್ಕೆ ಸಮಯ ಹಿಡೀತು.

ಈಗ ಆಯ್ಕೆಗೆ ಬರುವ. ಕಾಲೇಜಿನ ಹೆಸರು ನೋಡುವ ಮೊದ್ಲು ನಿಮ್ಮ ಪ್ರಶ್ನೆ ಯಾವ ಜಾತಿಯದ್ದು ಅಂತ ನೋಡ್ಬೇಕು. ಸುಳ್ಯ, ಕಡಬ ಕಡೆ ತೋಟಕ್ಕೆ ಆನೆ ಬರುದನ್ನು ನೋಡಿ "ಎಷ್ಟು ಆನೆ ಉಂಟು, ಯಾವ ದಾರಿಯಲ್ಲಿ ಓಡಾಡ್ತದೆ" ಅಂತ ತಲೆಯಲ್ಲಿ ಬಂದ್ರೆ ನೀವು ವಿಜ್ಞಾನದವರು, ಬೆಂಗಳೂರಿನ ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಸ್ಥೆಯಲ್ಲಿ ವೈಲ್ಡ್‌ಲೈಫ್ ಎಂಎಸ್ಸಿ ಉಂಟು, ಡೆಹ್ರಾಡೂನಿನ ವೈಲ್ಡ್‌ಲೈಫ್ ಇನ್‌ಸ್ಟಿಟ್ಯೂಟಿನಲ್ಲೂ ಉಂಟು. ಎನ್‌ಸಿಬಿಎಸ್ ಬ್ಯಾಚ್ ಎರಡು ವರ್ಷಕ್ಕೊಮ್ಮೆ ತಗೊಳ್ಳುದು, ಸೀಟು ತುಂಬಾ ಕಡಿಮೆ, ಹಾಗಾಗಿ ಯಾವ ವರ್ಷ ಅಡ್ಮಿಶನ್ ಅಂತ ಮೊದ್ಲೇ ನೋಡಿ ಇಡಿ. "ಆನೆ ತುಳಿದ ಅಡಿಕೆ ತೋಟಕ್ಕೆ ಪರಿಹಾರ ಬರ್ಲಿಕ್ಕೆ ಯಾಕಿಷ್ಟು ತಡ" ಅಂತ ಬಂದ್ರೆ ಪಾಲಿಸಿ. "ನವಿಲು ಭತ್ತ ತಿಂದು ಮುಗಿಸ್ತದೆ, ಅದು ವನ್ಯಜೀವಿ ಕಾಯ್ದೆಯ ಶೆಡ್ಯೂಲ್ ಒಂದರಲ್ಲಿ ಉಂಟು, ರೈತ ಕೋರ್ಟಿಗೆ ಹೋದ್ರೆ ಎಂತ ಆಗ್ಬಹುದು" ಅಂತ ಬಂದ್ರೆ ಕಾನೂನು. ಬಾವಿಗೆ ಬಿದ್ದ ಚಿರತೆಯನ್ನು ನೋಡಿ ಕೈ ಕಾಲು ನಡುಗಿ ಮೊದ್ಲು ಅದರ ಗಾಯ ಕಾಣುವವರು ವೆಟರ್ನರಿಗೆ ಹೋಗಿ, ಐದೂವರೆ ವರ್ಷ ಆದ್ರೂ ಬೇಜಾರಿಲ್ಲ, ಅದು ಕೈಯಲ್ಲಿ ಕೆಲ್ಸ ಇರುವ ಓದು, ಆಮೇಲೆ ಪಾಲಿಸಿಗೆ ಬಂದ್ರೂ ನಿಮ್ಮ ಮಾತಿಗೆ ತೂಕ ಜಾಸ್ತಿ.

ಟಫ್ಟ್ಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೇನೆ, ಅಲ್ಲಿ ಇದ್ದು ಬಂದದ್ದರಿಂದ. ಪ್ರಾಣಿಗಳು ಮತ್ತು ಪಬ್ಲಿಕ್ ಪಾಲಿಸಿ ಅಂತ ಅವರದ್ದೊಂದು ಸೆಂಟರ್ ಉಂಟು, 1983ರಲ್ಲಿ ಶುರು ಆದದ್ದು, ಮಾಸ್ಟರ್ಸ್ ಕೋರ್ಸ್ 1990ರ ದಶಕದ ಮಧ್ಯದಲ್ಲಿ ಬಂತು. ಇದರ ವಿಶೇಷ ಎಂತ ಅಂದ್ರೆ ಇದು ಲಾ ಕಾಲೇಜಿನಲ್ಲೋ ಪಾಲಿಸಿ ಸ್ಕೂಲಿನಲ್ಲೋ ಇರುದಲ್ಲ, ವೆಟರ್ನರಿ ಕಾಲೇಜಿನ ಕ್ಯಾಂಪಸ್ಸಿನೊಳಗೆ. ಒಂದು ಬದಿ ಆಸ್ಪತ್ರೆ, ಇನ್ನೊಂದು ಬದಿ ಹಟ್ಟಿ, ನಡುವಲ್ಲಿ ನೀವು ಎಥಿಕ್ಸ್ ಓದುದು, ಹಾಗಾಗಿ ಮಾತು ಗಾಳಿಯಲ್ಲಿ ತೇಲಿಕೊಂಡು ಹೋಗುದಿಲ್ಲ, "ಇದು ಹಸುವಿಗೆ ನಿಜವಾಗಿ ನೋವಾಗ್ತದಾ, ಹೇಗೆ ಗೊತ್ತು" ಅಂತ ಕೇಳುವವರು ಹತ್ತಿರದಲ್ಲೇ ಇರ್ತಾರೆ. ಒಂದೇ ವರ್ಷದ ಕೋರ್ಸು, ಅಂದ್ರೆ ಪೂರ್ತಿ 12 ತಿಂಗಳು. ಕ್ಲಾಸು, ಹೊರಗೆ ಒಂದು ಸಂಸ್ಥೆಯಲ್ಲಿ ಎಕ್ಸ್‌ಟರ್ನ್‌ಶಿಪ್ಪು, ಮತ್ತೆ ಕೊನೆಗೆ ಕ್ಯಾಪ್‌ಸ್ಟೋನ್ ಅಂತ ನಮ್ಮದೇ ಒಂದು ರಿಸರ್ಚ್ ಕೆಲ್ಸ. ಬ್ಯಾಚ್ ಸಣ್ಣದು. ಬೇರೆ ಬೇರೆ ಕಡೆಯಿಂದ ಬಂದವರು ಒಂದೇ ಮೇಜಿನ ಸುತ್ತ ಕೂತುಕೊಳ್ಳುದು, ಓದ್ದೆ ಹೋದ್ರೆ ಕೂಡ್ಲೇ ಗೊತ್ತಾಗ್ತದೆ. ನಂಗೆ ಮೊದಲ ಎರಡು ತಿಂಗಳು ರಾತ್ರಿ ಒಂದು ಗಂಟೆ ಆಗ್ತಿತ್ತು ಮಲಗುವಾಗ.

ಊರು ಬಾಸ್ಟನ್ ಅಲ್ಲ, ಇದನ್ನು ದಯವಿಟ್ಟು ನೆನಪಿಡಿ. ನಾರ್ತ್ ಗ್ರಾಫ್ಟನ್ ಅಂತ, ಬಾಸ್ಟನ್ನಿಂದ ಸುಮಾರು 60 ಕಿಲೋಮೀಟರ್, ಅಂದ್ರೆ ಮಂಗಳೂರಿಂದ ಉಡುಪಿಗೆ ಹೋಗುವಷ್ಟು, ಆದ್ರೆ ಐದು ನಿಮಿಷಕ್ಕೊಂದು ಎಕ್ಸ್‌ಪ್ರೆಸ್ ಬಸ್ ಇಲ್ಲ. ರೈಲು ಉಂಟು, ಗ್ರಾಫ್ಟನ್ ಸ್ಟೇಷನ್ ಕ್ಯಾಂಪಸ್ಸಿಗೆ ಹತ್ತಿರವೇ, ಅದರ ಟೈಮಿಗೆ ನಾವು ಹೊಂದಿಕೊಳ್ಬೇಕು. ಅಂಗಡಿಗೆ ಹೋಗ್ಬೇಕಾದ್ರೆ ಕಾರು ಇದ್ದವರನ್ನು ಕೇಳ್ಬೇಕು. ಪಕ್ಕದ ಶ್ರೂಸ್‌ಬರಿಯಲ್ಲಿ ಭಾರತದವರು ಸುಮಾರು ಜನ ಇದ್ದಾರೆ, ಅಲ್ಲಿ ಕೇರಳದ ಮಟ್ಟ ಅಕ್ಕಿ ಸಿಕ್ಕಿದ ದಿನ ನಾನು ಗಂಜಿ ಮಾಡಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದ್ದೆ. ಡಿಸೆಂಬರ್ ಜನವರಿಯ ಹಿಮದಲ್ಲಿ ನಾಲ್ಕೂವರೆಗೆ ಕತ್ತಲೆ ಆಗ್ಲಿಕ್ಕೆ ಶುರು ಆಗುವಾಗ ಮನಸ್ಸು ಕುಗ್ಗುದು ನಿಜ, ಅದು ಓದಿನ ಕಷ್ಟಕ್ಕಿಂತ ದೊಡ್ಡದು. ಕಡಲು ನೋಡಿ ಬೆಳೆದವರು ಇದನ್ನು ಸಣ್ಣ ವಿಷಯ ಅಂತ ಬಿಡ್ಬೇಡಿ.

ಕೊರತೆ ಎಂತ ಅಂದ್ರೆ, ಅಲ್ಲಿನ ಪಾಲಿಸಿ ಪಾಠ ಅಮೆರಿಕದ್ದು. ಅವರ ಫೆಡರಲ್ ಕಾನೂನು, ಅವರ ಫ್ಯಾಕ್ಟರಿ ಫಾರ್ಮು, ಅವರ ಶೆಲ್ಟರ್ ವ್ಯವಸ್ಥೆ. ಬೀದಿನಾಯಿ ಅಂದ್ರೆ ಅವರಿಗೆ ಶೆಲ್ಟರಿಗೆ ಸೇರ್ಬೇಕಾದ ನಾಯಿ, ನಮಗೆ ಗೂಡಂಗಡಿ ಎದುರು ಹತ್ತು ವರ್ಷದಿಂದ ಮಲಗುವ, ಹೆಸರು ಸಹ ಇರುವ ನಾಯಿ. ನಮ್ಮ ಎಬಿಸಿ, ಅಂದ್ರೆ ನಾಯಿಗಳ ಸಂತಾನ ನಿಯಂತ್ರಣದ ನಿಯಮ 2023ರದ್ದು, ಆಪರೇಷನ್ ಮಾಡಿ ಇಂಜೆಕ್ಷನ್ ಕೊಟ್ಟು ಹಿಡಿದ ಜಾಗದಲ್ಲೇ ಬಿಡ್ಬೇಕು ಅಂತ, ಮತ್ತೆ 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್‌ಸ್ಟ್ಯಾಂಡ್ ಅಂಥ ಜಾಗದಿಂದ ಹಿಡಿದ ನಾಯಿಯನ್ನು ಅಲ್ಲೇ ವಾಪಸ್ ಬಿಡ್ಬಾರ್ದು ಅಂತ ಹೇಳಿತು. ಈ ಎಳೆದಾಟವನ್ನು ಅಲ್ಲಿ ಯಾರೂ ಕಲಿಸುದಿಲ್ಲ, ನೀವೇ ಓದಿಕೊಳ್ಬೇಕು. ಆದ್ರೆ ಓದುವ ಕಣ್ಣು ಅಲ್ಲಿ ಸಿಗ್ತದೆ, ನಂಗೆ ಸಿಕ್ಕಿದ್ದು ಅದೇ.

ಹೊರಗೆ ಹೋಗ್ಲಿಕ್ಕೆ ಆಗದವರಿಗೆ, ಮನೆಯಲ್ಲಿ ವಯಸ್ಸಾದವರು ಇರುವವರಿಗೆ, ಕೆಲ್ಸ ಬಿಡ್ಲಿಕ್ಕೆ ಆಗದವರಿಗೆ ಎಡಿನ್‌ಬರ್ಗ್ ಯುನಿವರ್ಸಿಟಿಯ ಆನ್‌ಲೈನ್ ಎಂಎಸ್ಸಿ ನೋಡಿ ಅಂತ ನಾನು ಧೈರ್ಯದಿಂದ ಹೇಳ್ತೇನೆ. ಇಂಟರ್‌ನ್ಯಾಷನಲ್ ಅನಿಮಲ್ ವೆಲ್‌ಫೇರ್, ಎಥಿಕ್ಸ್ ಆಂಡ್ ಲಾ ಅಂತ ಹೆಸರು. ಇದು ಸಹ ವೆಟರ್ನರಿ ಸ್ಕೂಲಿನದ್ದೇ. ಪಾರ್ಟ್ ಟೈಮ್ ಆಗಿ ವರ್ಷಗಟ್ಟಲೆ ಎಳೆದುಕೊಂಡು ಮಾಡ್ಬಹುದು, ನಡುವಲ್ಲಿ ನಿಲ್ಲಿಸಿದ್ರೆ ಸರ್ಟಿಫಿಕೇಟೋ ಡಿಪ್ಲೊಮಾವೋ ಸಿಗ್ತದೆ, ಹಾಗಾಗಿ ದುಡ್ಡು ಪೂರ್ತಿ ಹೊಳೆಗೆ ಹಾಕಿದ ಹಾಗೆ ಆಗುದಿಲ್ಲ. ನನ್ನ ಪರಿಚಯದ ಒಬ್ಬ ವೆಟರ್ನರಿ ಡಾಕ್ಟರ್ ಇದನ್ನು ಮಾಡ್ತಾ ಇದ್ದಾರೆ, ಹಗಲು ದನಕ್ಕೆ ಇಂಜೆಕ್ಷನ್, ರಾತ್ರಿ ಅಸೈನ್‌ಮೆಂಟ್. ಕಲಿತದ್ದನ್ನು ಮಾರನೇ ದಿನ ಹಟ್ಟಿಯಲ್ಲೇ ಪರೀಕ್ಷೆ ಮಾಡಿ ನೋಡ್ತಾರೆ, ಆ ಲಾಭ ನಂಗೆ ಗ್ರಾಫ್ಟನ್ನಿನಲ್ಲಿ ಇರ್ಲಿಲ್ಲ. ಇಲ್ಲದ್ದು ಎಂತ ಅಂದ್ರೆ ಮೇಜಿನ ಸುತ್ತ ಕೂತು ಜಗಳ ಆಡುದು, ಆಮೇಲೆ ಒಟ್ಟಿಗೆ ಚಾ ಕುಡಿಯುದು, ಮತ್ತೆ ನಾಳೆ ಕೆಲ್ಸ ಹುಡುಕುವಾಗ ಫೋನ್ ಮಾಡ್ಲಿಕ್ಕೆ ಆಗುವ ಹತ್ತು ಜನ. ಸ್ಕಾಟ್ಲೆಂಡಿಗೆ ಹೋಗಿಯೇ ಓದ್ಬೇಕು ಅಂದ್ರೆ ಗ್ಲಾಸ್ಗೋದಲ್ಲಿ ಹತ್ತಿರ ಹತ್ತಿರ ಇದೇ ವಿಷಯದ ಎಂಎಸ್ಸಿ ಉಂಟು. ಬ್ರಿಟನ್ನಿನವು ವಿಜ್ಞಾನದ ಕಡೆ ಸ್ವಲ್ಪ ವಾಲ್ತವೆ, ಪ್ರಾಣಿಯ ವರ್ತನೆ ಅಳೆಯುದು, ಫಾರ್ಮಿನ ಆಡಿಟ್ ಅಂಥದ್ದು. ಕೋಳಿ ಫಾರ್ಮ್, ಡೈರಿ ಕಡೆ ಕೆಲ್ಸ ಮಾಡುವ ಮನಸ್ಸಿದ್ರೆ ಅದೇ ಒಳ್ಳೇದು.

ಎಲ್‌ಎಲ್‌ಬಿ ಆದವರ ದಾರಿ ಬೇರೆ. ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲೆಂಡಿನಲ್ಲಿ ಲೂಯಿಸ್ ಆಂಡ್ ಕ್ಲಾರ್ಕ್ ಲಾ ಸ್ಕೂಲಿನಲ್ಲಿ ಪ್ರಾಣಿ ಕಾನೂನಿಗೇ ಅಂತ ಎಲ್‌ಎಲ್‌ಎಂ ಉಂಟು, ಆನ್‌ಲೈನಲ್ಲೂ ಮಾಡ್ಬಹುದು. ಆದ್ರೆ ಅದಕ್ಕಿಂತ ಮೊದ್ಲು ಹೈದರಾಬಾದಿನ ನಲ್ಸಾರ್ ಲಾ ಯುನಿವರ್ಸಿಟಿ ನೋಡಿ. ಅಲ್ಲಿ ಪ್ರಾಣಿ ಕಾನೂನಿನ ಸೆಂಟರ್ ಉಂಟು, ಪ್ರಾಣಿ ಸಂರಕ್ಷಣಾ ಕಾನೂನಿನಲ್ಲಿ ಒಂದು ವರ್ಷದ ಪಿಜಿ ಡಿಪ್ಲೊಮಾ ದೂರಶಿಕ್ಷಣದಲ್ಲಿ ಕೊಡ್ತಾರೆ. ಲಾ ಓದದವರೂ ಸೇರ್ಬಹುದು. ನಮ್ಮ ಕಾಯ್ದೆ, ನಮ್ಮ ತೀರ್ಪು, ನಮ್ಮ ನಿಯಮ, ಎಲ್ಲ ಇಲ್ಲಿಯದ್ದೇ. ಖರ್ಚು ಸಾವಿರಗಳ ಲೆಕ್ಕದಲ್ಲಿ ಮುಗೀತದೆ, ವಿದೇಶದ ಹಾಗೆ ಲಕ್ಷಗಳಲ್ಲಿ ಅಲ್ಲ. ನಾನು ಈಗ ಹೊಸದಾಗಿ ಶುರು ಮಾಡುದಾದ್ರೆ ಮೊದ್ಲು ಇದನ್ನು ಮಾಡಿ, ಒಂದು ವರ್ಷ ಆದ ಮೇಲೂ ಆಸೆ ಹಾಗೇ ಉರೀತಾ ಇದ್ದರೆ ಮಾತ್ರ ಹೊರಗಿನ ಅರ್ಜಿ ಹಾಕ್ತಿದ್ದೆ.

ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ಎರಡು ವರ್ಷದ ಪಬ್ಲಿಕ್ ಪಾಲಿಸಿ ಮಾಸ್ಟರ್ಸ್ ಬಗ್ಗೆ ನಮ್ಮ ಕಡೆ ಮಕ್ಕಳು ಯೋಚನೆಯೇ ಮಾಡುದಿಲ್ಲ, ಅದು ನಂಗೆ ತುಂಬಾ ಬೇಸರದ ವಿಷಯ. ಹೆಸರಲ್ಲಿ ಪ್ರಾಣಿ ಇಲ್ಲ ಅಂತ ಬಿಟ್ಟುಬಿಡ್ತಾರೆ. ಆದ್ರೆ ಬಜೆಟ್ ಹೇಗೆ ಆಗ್ತದೆ, ಇಲಾಖೆಗಳು ಒಂದಕ್ಕೊಂದು ಹೇಗೆ ಅಡ್ಡ ಬರ್ತವೆ, ನಿಯಮದ ಕರಡು ಹೇಗೆ ಬರೆಯುದು, ಇದನ್ನು ಕಲಿತು ಪ್ರಾಜೆಕ್ಟಿಗೆ ಪ್ರಾಣಿಯ ವಿಷಯ ತಗೊಳ್ಳುದಕ್ಕೆ ಯಾರ ಅಡ್ಡಿಯೂ ಇಲ್ಲ. ಎನ್‌ಎಲ್‌ಎಸ್‌ಎಟಿ ಎಂಟ್ರೆನ್ಸ್ ಬರೀಬೇಕು, ಡಿಗ್ರಿ ಯಾವುದಾದ್ರೂ ಆಗ್ತದೆ. ಸರ್ಕಾರದೊಳಗೆ ಅಥವಾ ಸರ್ಕಾರದ ಪಕ್ಕದಲ್ಲಿ ಕೂತು ಕೆಲ್ಸ ಮಾಡ್ಬೇಕು ಅನ್ನುವವರಿಗೆ ನನ್ನ ವೋಟು ಇದಕ್ಕೇ, ಟಫ್ಟ್ಸಿಗಲ್ಲ. ವಿಧಾನಸೌಧಕ್ಕೆ ಬಸ್ಸಿನಲ್ಲಿ ಹೋಗ್ಲಿಕ್ಕಾಗುವ ದೂರದಲ್ಲಿ ಎರಡು ವರ್ಷ ಇರುದು ಸಣ್ಣ ಮಾತಲ್ಲ. ಮೀನಿನ ವಿಷಯ ಇದ್ದವರು ಮಂಗಳೂರಿನ ಫಿಶರೀಸ್ ಕಾಲೇಜನ್ನು ಮರೀಬೇಡಿ, 1969ರಿಂದ ಇಲ್ಲೇ ಉಂಟು. ಜೂನ್ ಒಂದರಿಂದ ಜುಲೈ 31ರವರೆಗೆ 61 ದಿನ ಯಾಕೆ ಬೋಟು ಇಳಿಸ್ಬಾರ್ದು, ಲೈಟ್ ಫಿಶಿಂಗಿನಿಂದ ಎಂತ ಹಾಳಾಗ್ತದೆ ಅನ್ನುದನ್ನು ಗ್ರಾಫ್ಟನ್ನಿನಲ್ಲಿ ಕೇಳಿದ್ರೆ ಯಾರೂ ಹೇಳ್ಲಿಕ್ಕಿಲ್ಲ.

ದುಡ್ಡಿನ ವಿಷಯ ನೇರವಾಗಿ ಹೇಳ್ತೇನೆ. ಅಮೆರಿಕದ ಒಂದು ವರ್ಷ ಫೀಸು, ರೂಮು, ಇನ್ಶೂರೆನ್ಸು ಸೇರಿ ಹತ್ತಾರು ಲಕ್ಷ. ಏಳೂವರೆ ಲಕ್ಷಕ್ಕಿಂತ ಮೇಲೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಅಡವು ಕೇಳ್ತವೆ, ನಮ್ಮ ಮನೆಯಲ್ಲಿ ಅಪ್ಪನ ಹೆಸರಲ್ಲಿದ್ದ ಜಾಗದ ಪತ್ರ ಇಟ್ಟದ್ದು, ಆ ರಾತ್ರಿ ಅಪ್ಪ ಎಂತದ್ದೂ ಮಾತಾಡ್ಲಿಲ್ಲ, ನಂಗೆ ಈಗಲೂ ನೆನಪುಂಟು. ಪ್ರಾಣಿಗಳ ಕ್ಷೇತ್ರದಲ್ಲಿ ಸಂಬಳ ಐಟಿಯ ಹಾಗೆ ಇರುದಿಲ್ಲ, ಸಾಲ ತೀರಿಸ್ಲಿಕ್ಕೆ ವರ್ಷಗಳು ಬೇಕು, ಇದನ್ನು ಮನೆಯವರೆದುರು ಕೂತು ಕಾಗದದಲ್ಲಿ ಲೆಕ್ಕ ಹಾಕಿ. ಬ್ರಿಟನ್ನಿಗೆ ಚೆವನಿಂಗ್ ಸ್ಕಾಲರ್‌ಶಿಪ್ ಉಂಟು, ಎರಡು ವರ್ಷದ ಕೆಲ್ಸದ ಅನುಭವ ಬೇಕು, ಓದಿ ಮುಗಿದ ಮೇಲೆ ಎರಡು ವರ್ಷ ಊರಿಗೆ ಬಂದಿರ್ಬೇಕು, ಮತ್ತೆ ಆನ್‌ಲೈನ್ ಕೋರ್ಸಿಗೆ ಅದು ಸಿಗುದಿಲ್ಲ. ಅಮೆರಿಕಕ್ಕೆ ಫುಲ್‌ಬ್ರೈಟ್-ನೆಹರು ಉಂಟು, ಅದಕ್ಕೆ ಮೂರು ವರ್ಷದ ಅನುಭವ. ಎಸ್‌ಸಿ ಮಕ್ಕಳಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಉಂಟು, ಮನೆಯ ಆದಾಯ ವರ್ಷಕ್ಕೆ 8 ಲಕ್ಷದೊಳಗೆ ಇರ್ಬೇಕು. ಜೆ ಎನ್ ಟಾಟಾ ಎಂಡೋಮೆಂಟ್ ಕೊಡುದು ಸಾಲದ ರೂಪದ ಸ್ಕಾಲರ್‌ಶಿಪ್, 1892ರಿಂದ ಕೊಡ್ತಾ ಬಂದದ್ದು. ಇವುಗಳ ಅರ್ಜಿ ಕಾಲೇಜಿನ ಅರ್ಜಿಗಿಂತ ಮೊದ್ಲೇ ಮುಚ್ಚುದುಂಟು, ಹಾಗಾಗಿ ಒಂದೂವರೆ ವರ್ಷ ಮೊದ್ಲೇ ಕ್ಯಾಲೆಂಡರ್ ಹಿಡಿದು ಕೂತುಕೊಳ್ಳಿ.

ಅರ್ಜಿಯಲ್ಲಿ ಎಲ್ಲಕ್ಕಿಂತ ಹೆಚ್ಚು ತೂಕ ಎಸ್‌ಒಪಿಗೆ, ಅಂದ್ರೆ ನೀವು ಯಾಕೆ ಓದ್ಬೇಕು ಅಂತ ಬರೆಯುವ ಎರಡು ಪುಟ. ನನ್ನ ಮೊದಲ ಕರಡು "ಸಣ್ಣ ಇರುವಾಗಿಂದ ನಂಗೆ ಪ್ರಾಣಿ ಅಂದ್ರೆ ಪ್ರೀತಿ" ಅಂತ ಶುರು ಆಗಿತ್ತು. ನನ್ನ ಎಂಎಸ್‌ಡಬ್ಲ್ಯೂ ಮೇಡಂ ಓದಿ, "ಅಲ್ಲ ಮಗಾ, ಅಲ್ಲಿಗೆ ಅರ್ಜಿ ಹಾಕುವ ಎಲ್ರಿಗೂ ಪ್ರೀತಿ ಉಂಟು, ನಿನ್ನ ಹತ್ರ ಇರುವ ಪ್ರಶ್ನೆ ಎಂತದ್ದು?" ಅಂತ ಕೇಳಿದ್ರು. ಆಗ ನೆನಪಾದದ್ದು ಒಂದು ಮೀನು ಮಾರ್ಕೆಟಿನ ಹಿಂದಿನ ಮೂಲೆ. ನಾವು ಆ ವಾರ್ಡಿನ ನಾಯಿಗಳಿಗೆಲ್ಲ ಆಪರೇಷನ್ ಮಾಡಿಸಿದ್ದೆವು, ಆದ್ರೂ ಆರು ತಿಂಗಳಲ್ಲಿ ಹೊಸ ನಾಯಿಗಳು ಬಂದು ಸೇರಿದ್ವು, ಯಾಕಂದ್ರೆ ಮೀನಿನ ತಲೆ, ಕರುಳು ಎಲ್ಲ ಅದೇ ಮೂಲೆಯಲ್ಲಿ ಬೀಳ್ತಾ ಇತ್ತು. ನಾಯಿಯ ಫೈಲು ಒಬ್ಬರ ಹತ್ರ, ಕಸದ ಫೈಲು ಇನ್ನೊಬ್ಬರ ಹತ್ರ, ಇಬ್ಬರೂ ಒಂದೇ ಕಟ್ಟಡದಲ್ಲಿ ಕೂತುಕೊಳ್ಳುದು, ಒಟ್ಟಿಗೆ ಮಾತಾಡಿದ್ದು ಒಂದು ಸಲವೂ ಇಲ್ಲ. ಅದನ್ನು ಬರ್ದೆ. ಎಷ್ಟು ನಾಯಿ, ಯಾವ ತಿಂಗಳು, ಯಾರ ಹತ್ರ ಹೋದೆವು, ಎಂತ ಉತ್ತರ ಬಂತು, ನಮ್ಮ ಡೈರಿಯಲ್ಲಿ ಇದ್ದ ಹಾಗೆಯೇ. ಸೀಟು ಸಿಕ್ಕಿದ್ದು ಆ ಮೂಲೆಯಿಂದ ಅಂತ ನನ್ನ ನಂಬಿಕೆ, ಆಮೇಲೆ ಕ್ಯಾಪ್‌ಸ್ಟೋನ್ ಸಹ ಅದರ ಮೇಲೆಯೇ ಮಾಡಿದೆ.

ನಿಮ್ಮ ಹತ್ರವೂ ಅಂಥ ಮೂಲೆ ಇರ್ತದೆ. ಕುಂದಾಪುರದ ಕೋಡಿ ಕಡಲತೀರದಲ್ಲಿ ಆಮೆ ಮೊಟ್ಟೆ ಕಾದವರು, ಗೋಶಾಲೆಯಲ್ಲಿ ಲೆಕ್ಕ ಬರೆದವರು, ಸಾಕಿದ ಆಡು ಚಿರತೆ ಪಾಲಾಗಿ ಪರಿಹಾರಕ್ಕೆ ಓಡಾಡಿದ ಮನೆಯವರು. ರೆಕಮೆಂಡೇಶನ್ ಲೆಟರ್ ಸಹ ದೊಡ್ಡ ಹುದ್ದೆಯವರಿಂದ ಬೇಡ, ನೀವು ಕೆಲ್ಸ ಮಾಡುದನ್ನು ಕಣ್ಣಾರೆ ಕಂಡವರಿಂದ ತಗೊಳ್ಳಿ.

ಕಾಗದಪತ್ರದ ಬಗ್ಗೆ ಎರಡು ಮಾತು. ನಮ್ಮ ಮೂರು ವರ್ಷದ ಡಿಗ್ರಿಯನ್ನು ಅಮೆರಿಕದ ಕೆಲವು ಕಡೆ ಅವರ ನಾಲ್ಕು ವರ್ಷಕ್ಕೆ ಸಮ ಅಂತ ಒಪ್ಪುದಿಲ್ಲ, ಫೀಸ್ ಕಟ್ಟುವ ಮೊದ್ಲೇ ಅಡ್ಮಿಶನ್ ಆಫೀಸಿಗೆ ಮೇಲ್ ಮಾಡಿ ಕೇಳಿ, ಆ ವರ್ಷ ಬ್ಯಾಚ್ ತಗೊಳ್ತಾ ಇದ್ದಾರಾ ಅಂತಲೂ ಅದರಲ್ಲೇ ಕೇಳಿ. ನಂಗೆ ಎಂಎಸ್‌ಡಬ್ಲ್ಯೂ ಇದ್ದದ್ದರಿಂದ ತೊಂದರೆ ಆಗ್ಲಿಲ್ಲ. ಟ್ರಾನ್ಸ್‌ಕ್ರಿಪ್ಟಿಗೆ ಬೇಗ ಅರ್ಜಿ ಹಾಕಿ, ನನ್ನದು ಒಂದು ಆಫೀಸಿನಲ್ಲಿ ಏಳು ವಾರ ಕೂತಿತ್ತು, ಕೊನೆಗೆ ನಾನೇ ದಿನಾ ಹೋಗಿ ಬೆಂಚಿನಲ್ಲಿ ಕೂತ ಮೇಲೆ ಹೊರಗೆ ಬಂತು. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಸ್ಕೋರ್ ಎರಡು ವರ್ಷ ಮಾತ್ರ ನಡೀತದೆ, ತೀರಾ ಮೊದ್ಲೇ ಬರೆದು ವೇಸ್ಟ್ ಮಾಡ್ಬೇಡಿ. ಸೀಟು ಸಿಕ್ಕಿದ ಮೇಲೆ ವೀಸಾಕ್ಕೆ ಬೇಕಾದ ಐ-20 ಅನ್ನುವ ಪತ್ರ ಕಾಲೇಜಿನಿಂದ ಬರ್ತದೆ, ಅಮೆರಿಕ ಸರ್ಕಾರ ವಿದ್ಯಾರ್ಥಿಗಳ ದಾಖಲೆ ಇಡ್ಲಿಕ್ಕೆ ತಗೊಳ್ಳುವ ಸೆವಿಸ್ ಫೀ 350 ಡಾಲರ್ ಕಟ್ಟಿ ಮತ್ತೆ ವೀಸಾ ಇಂಟರ್‌ವ್ಯೂ, ನಾನು ಚೆನ್ನೈಗೆ ಹೋಗಿದ್ದೆ. ಬ್ರಿಟನ್ನಿಗೆ ಆರು ತಿಂಗಳಿಗಿಂತ ಜಾಸ್ತಿ ಹೋಗುದಾದ್ರೆ ಟಿಬಿ ಟೆಸ್ಟ್ ಮಾಡಿಸ್ಲೇಬೇಕು.

ಓದಿ ಬಂದ ಮೇಲೆ ಎಂತ ಕೆಲ್ಸ ಅಂತ ಎಲ್ರೂ ಕೇಳುದು. ಪ್ರಾಣಿ ಕಲ್ಯಾಣ ಸಂಸ್ಥೆಗಳಲ್ಲಿ ಪಾಲಿಸಿ ಕೆಲ್ಸ, ರಿಸರ್ಚ್ ಸಂಸ್ಥೆಗಳು, ಕಾಲೇಜಿನಲ್ಲಿ ಪಾಠ, ಕಂಪೆನಿಗಳ ಸಪ್ಲೈ ಚೈನಿನಲ್ಲಿ ಮೊಟ್ಟೆ ಹಾಲಿನ ವೆಲ್‌ಫೇರ್ ನೋಡುದು. ಹೆಚ್ಚಿನವು ದೆಹಲಿ, ಬೆಂಗಳೂರು, ಹೈದರಾಬಾದ್. ಉಡುಪಿಯಲ್ಲೇ ಕೂತು ಮಾಡುವ ಕೆಲ್ಸ ಕಡಿಮೆ, ನಾನು ಬೆಂಗಳೂರಿನ ಒಂದು ಸಂಸ್ಥೆಗೆ ಮನೆಯಿಂದ ಮಾಡ್ತೇನೆ, ತಿಂಗಳಲ್ಲಿ ಎರಡು ಸಲ ರಾತ್ರಿ ಬಸ್ಸು. ಓದು ಮುಗಿದ ಮೇಲೆ ಅಮೆರಿಕದಲ್ಲಿ ಒಪಿಟಿ ಅಂತ ಒಂದು ವರ್ಷ ಕೆಲ್ಸ ಮಾಡುವ ಅವಕಾಶ ಉಂಟು, ನಮ್ಮ ಬ್ಯಾಚಿನ ಕೆಲವರು ಮಾಡಿದ್ರು, ನಂಗೆ ಬೇಡ ಅಂತ ಅನ್ನಿಸಿತು, ನನ್ನ ಪ್ರಶ್ನೆ ಇದ್ದದ್ದು ಇಲ್ಲಿಯ ಮಾರ್ಕೆಟಿನ ಹಿಂದೆ.

ಚಿಕ್ಕಮ್ಮನ ಮಗಳಿಗೆ ನಾನು ಹೇಳಿದ್ದು ಇಷ್ಟು: ಅಮೆರಿಕದ ಅರ್ಜಿ ಈಗ ತೆರೀಬೇಡ, ಡಿಗ್ರಿ ಮುಗಿಸು, ನಲ್ಸಾರ್ ಡಿಪ್ಲೊಮಾಕ್ಕೆ ಸೇರು, ಒಟ್ಟಿಗೆ ಎಲ್ಲಿಯಾದ್ರೂ ಒಂದು ವರ್ಷ ಕೈ ಕೆಸರು ಮಾಡು, ಆಮೇಲೆ ಎನ್‌ಎಲ್‌ಎಸ್‌ಎಟಿ ಬರಿ, ಅದರೊಟ್ಟಿಗೆ ಬೇಕಾದ್ರೆ ಟಫ್ಟ್ಸಿಗೂ ಹಾಕು. ಅವಳಿಗೆ ಆಸಕ್ತಿ ಇರುದು ಮೀನಿನಲ್ಲಿ, ಬಲೆಯಿಂದ ತೆಗೆದ ಮೇಲೆ ಎಷ್ಟು ಹೊತ್ತು ಜೀವ ಇರ್ತದೆ, ಅದಕ್ಕೆ ನಮ್ಮಲ್ಲಿ ಒಂದು ನಿಯಮ ಬೇಡ್ವಾ ಅಂತ. ಕಳೆದ ಭಾನುವಾರದಿಂದ ಬೆಳಿಗ್ಗೆ ಐದು ಗಂಟೆಗೆ ಮಲ್ಪೆ ಬಂದರಿಗೆ ಹೋಗ್ತಾ ಇದ್ದಾಳೆ, ಒಂದು ನೋಟ್‌ಬುಕ್ಕು, ಒಂದು ವಾಚು. ಮೊದಲ ದಿನ ಬೋಟಿನವರು ಓಡಿಸಿದ್ರಂತೆ, ಎರಡನೇ ದಿನ ಒಬ್ಬರು ಕರ್ಕೊಂಡು ಹೋಗಿ ಐಸ್ ಹಾಕುವ ಜಾಗ ತೋರಿಸಿದ್ರಂತೆ. ನಿನ್ನೆ ಆ ನೋಟ್‌ಬುಕ್ಕಿನ ನಾಲ್ಕು ಪುಟದ ಫೋಟೋ ಕಳ್ಸಿದ್ದಾಳೆ, ಬೂತಾಯಿಗೆ ಬೇರೆ ಕಾಲಮ್ಮು, ಬಂಗುಡೆಗೆ ಬೇರೆ.